ಸಿಂಗಲ್ ಗ್ರೇಡ್ ಎಂಜಿನ್ ಆಯಿಲ್: ಡಬ್ಬಿಯ ಮೇಲಿನ 30, 40, 50 ಏನು ಹೇಳುತ್ತವೆ, ಏನು ಹೇಳುವುದಿಲ್ಲ?

ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಹೋಗಿ "ಅಣ್ಣಾ, ಎರಡು ಲೀಟರ್ 40 ಆಯಿಲ್ ಕೊಡಿ" ಎಂದರೆ ಸಾಕು, ಡಬ್ಬಿ ಕೈಗೆ ಬರುತ್ತದೆ. ಪಂಪ್‌ಸೆಟ್ಟಿಗೋ, ಟ್ರ್ಯಾಕ್ಟರಿಗೋ, ಹೊಸ ಬೈಕಿಗೋ ಎಂದು ಕೇಳುವವರು ಕಡಿಮೆ. ಈ 40 ಏನು ಎಂದು ಕೇಳಿದರೆ ಉತ್ತರಗಳು ಹಲವು. ಅದು ಆಯಿಲಿನ ದಪ್ಪ ಎನ್ನುವವರಿದ್ದಾರೆ, 40 ಡಿಗ್ರಿ ಬಿಸಿಲಿಗೆ ಆಗುವ ಆಯಿಲ್ ಎನ್ನುವವರಿದ್ದಾರೆ. ಸಿಂಗಲ್ ಗ್ರೇಡ್ ಎಂದರೆ ಹಳೆ ಕಾಲದ ಅಗ್ಗದ ಆಯಿಲ್ ಎಂದು ಕೆಲವರು ಮೂಗು ಮುರಿದರೆ, ಅದೇ 'ಅಸಲಿ' ಆಯಿಲ್, ಉಳಿದದ್ದೆಲ್ಲ ಕಂಪನಿಯವರ ಗಿಮಿಕ್ ಎಂದು ಇನ್ನು ಕೆಲವರು ವಾದಿಸುತ್ತಾರೆ.

ಇವುಗಳಲ್ಲಿ ಯಾವುದೂ ಪೂರ್ತಿ ನಿಜವಲ್ಲ. ತಪ್ಪು ಆಯಿಲ್ ಹಾಕಿದ್ದು ಅವತ್ತೇ ಗೊತ್ತಾಗುವುದೂ ಇಲ್ಲ. ಎಂಜಿನ್ ಎಂದಿನಂತೆ ಸ್ಟಾರ್ಟ್ ಆಗುತ್ತದೆ, ಎಂದಿನಂತೆ ಓಡುತ್ತದೆ. ಒಂದೆರಡು ಹಂಗಾಮು ಕಳೆದ ಮೇಲೆ ರಿಂಗ್ ಸವೆದು ಹೊಗೆ ಬಂದಾಗ, ಬೇರಿಂಗ್ ಸದ್ದು ಮಾಡಲು ಶುರುವಾದಾಗ ರಿಪೇರಿಯ ಬಿಲ್ಲು ಬರುತ್ತದೆ. ಆಗ ಯಾರೂ ಆಯಿಲನ್ನು ದೂರುವುದಿಲ್ಲ, "ಎಂಜಿನ್ ಹಳೆಯದಾಯ್ತು" ಎನ್ನುತ್ತಾರೆ.

ಆ ಸಂಖ್ಯೆ ಬಂದದ್ದು ಎಲ್ಲಿಂದ?

ಡಬ್ಬಿಯ ಮೇಲೆ 40ರ ಹಿಂದೆ 'ಎಸ್‌ಎಇ' ಎಂದಿರುತ್ತದೆ. ಅದು ಅಮೆರಿಕದ ಸೊಸೈಟಿ ಆಫ್ ಆಟೋಮೋಟಿವ್ ಎಂಜಿನಿಯರ್ಸ್ ಸಂಸ್ಥೆಯ ಹೆಸರಿನ ಮೊದಲಕ್ಷರಗಳು. ಎಂಜಿನ್ ಆಯಿಲನ್ನು ಸ್ನಿಗ್ಧತೆಯ ಮೇಲೆ ವಿಂಗಡಿಸುವ ಕ್ರಮವನ್ನು ಈ ಸಂಸ್ಥೆ ಮೊದಲು ಹೊರತಂದದ್ದು 1911ರಲ್ಲಿ. ಹಲವು ಬಾರಿ ತಿದ್ದುಪಡಿಯಾಗಿ ಇಂದು ಅದು 'ಜೆ300' ಎಂಬ ಮಾನದಂಡವಾಗಿದೆ.

ಸ್ನಿಗ್ಧತೆ ಎಂದರೆ ದ್ರವವೊಂದು ಹರಿಯಲು ಒಡ್ಡುವ ಪ್ರತಿರೋಧ. ಮಲೆನಾಡಿನ ಜೋನಿ ಬೆಲ್ಲ ಮತ್ತು ನೀರನ್ನು ಒಟ್ಟಿಗೆ ಬಗ್ಗಿಸಿ ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಅದೇ ಜೋನಿ ಬೆಲ್ಲವನ್ನು ಸ್ವಲ್ಪ ಬಿಸಿ ಮಾಡಿದರೆ ಸರಾಗವಾಗಿ ಇಳಿಯುತ್ತದೆ. ಎಂಜಿನ್ ಆಯಿಲೂ ಹಾಗೆಯೇ, ಬಿಸಿಯಾದಷ್ಟೂ ತೆಳುವಾಗುತ್ತದೆ. ಹೀಗಾಗಿ "ಈ ಆಯಿಲ್ ಎಷ್ಟು ಮಂದ?" ಎಂಬ ಪ್ರಶ್ನೆಗೆ ಅರ್ಥ ಬರಬೇಕಾದರೆ "ಎಷ್ಟು ಬಿಸಿಯಲ್ಲಿ?" ಎಂದೂ ಕೇಳಬೇಕು.

30, 40, 50 ಎಂಬ ಬರಿ ಸಂಖ್ಯೆಗಳು ಸಿಗುವುದು ಮುಖ್ಯವಾಗಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದ ಸ್ನಿಗ್ಧತೆಯಿಂದ. ಕೆಲಸ ಮಾಡುತ್ತಿರುವ ಎಂಜಿನ್ನಿನೊಳಗಿನ ಆಯಿಲಿನ ಬಿಸಿ ಹೆಚ್ಚುಕಡಿಮೆ ಅಷ್ಟಿರುತ್ತದೆ. ಅಳತೆಯ ಘಟಕ ಸೆಂಟಿಸ್ಟೋಕ್. ಸಾಮಾನ್ಯ ಕೋಣೆಯ ತಾಪದಲ್ಲಿ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಸ್ಟೋಕ್. 100 ಡಿಗ್ರಿಯಲ್ಲಿ 6.9ರಿಂದ 9.3ರ ಒಳಗಿದ್ದರೆ ಎಸ್‌ಎಇ 20, ಅಲ್ಲಿಂದ 12.5ರವರೆಗೆ 30, 16.3ರವರೆಗೆ 40, 21.9ರವರೆಗೆ 50, 26.1ರವರೆಗೆ 60. ಇಂಧನ ಉಳಿಸುವ ಹೊಸ ಕಾರುಗಳಿಗಾಗಿ ಈಚಿನ ವರ್ಷಗಳಲ್ಲಿ 16, 12, 8 ಎಂಬ ಇನ್ನೂ ತೆಳು ದರ್ಜೆಗಳು ಸೇರಿವೆ.

ಅಂದರೆ 40 ಎಂಬುದು ತೂಕವಲ್ಲ, ತಾಪಮಾನವಲ್ಲ, ಗುಣಮಟ್ಟದ ಅಂಕವಂತೂ ಅಲ್ಲ. ಒಂದು ಶ್ರೇಣಿಗೆ ಇಟ್ಟ ಹೆಸರು ಅಷ್ಟೇ, ಶಾಲೆಯ ತರಗತಿಗೆ ಸಂಖ್ಯೆ ಇಟ್ಟ ಹಾಗೆ. 40 ಆಯಿಲ್ 20ಕ್ಕಿಂತ ಎರಡು ಪಟ್ಟು ಮಂದ ಎಂಬ ಲೆಕ್ಕವನ್ನೂ ಹಾಕಬೇಡಿ.

'ಡಬ್ಲ್ಯೂ' ಇದ್ದರೆ ಏನು ವ್ಯತ್ಯಾಸ?

10ಡಬ್ಲ್ಯೂ, 20ಡಬ್ಲ್ಯೂ ಎಂಬಲ್ಲಿನ ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಈ ದರ್ಜೆಯ ಆಯಿಲನ್ನು ಮೈನಸ್ ತಾಪದಲ್ಲಿ ಪರೀಕ್ಷಿಸುತ್ತಾರೆ. ಚಳಿಯಲ್ಲಿ ಸ್ಟಾರ್ಟರ್ ಮೋಟಾರಿಗೆ ಕ್ರ್ಯಾಂಕ್ ತಿರುಗಿಸಲು ಆಗುತ್ತದೆಯೇ, ಪಂಪಿಗೆ ಆಯಿಲ್ ಎಳೆಯಲು ಆಗುತ್ತದೆಯೇ ಎಂಬುದೇ ಪರೀಕ್ಷೆ. 20ಡಬ್ಲ್ಯೂ ಎನ್ನಿಸಿಕೊಳ್ಳಲು ಮೊದಲ ಪರೀಕ್ಷೆಯನ್ನು ಮೈನಸ್ 15 ಡಿಗ್ರಿಯಲ್ಲೂ ಎರಡನೆಯದನ್ನು ಮೈನಸ್ 20ರಲ್ಲೂ ಪಾಸಾಗಬೇಕು. 5ಡಬ್ಲ್ಯೂಗೆ ಅದು ಮೈನಸ್ 30 ಮತ್ತು ಮೈನಸ್ 35.

ಬರಿ 10ಡಬ್ಲ್ಯೂ ಎಂದು ಬರೆದ ಆಯಿಲೂ ಸಿಂಗಲ್ ಗ್ರೇಡೇ. ಬರಿ 40 ಎಂದು ಬರೆದದ್ದೂ ಸಿಂಗಲ್ ಗ್ರೇಡೇ. ಮೊದಲನೆಯದಕ್ಕೆ ಚಳಿಯ ಪರೀಕ್ಷೆ, ಎರಡನೆಯದಕ್ಕೆ ಬಿಸಿಯ ಪರೀಕ್ಷೆ. ಎರಡನ್ನೂ ಪಾಸಾದದ್ದು 20ಡಬ್ಲ್ಯೂ-40, 10ಡಬ್ಲ್ಯೂ-30 ಎಂದು ಎರಡು ಸಂಖ್ಯೆ ಹೊತ್ತ ಮಲ್ಟಿಗ್ರೇಡ್.

ಇಲ್ಲಿ ತುಂಬ ಓಡಾಡುವ ಒಂದು ತಪ್ಪು ಕಲ್ಪನೆ ಇದೆ: "20ಡಬ್ಲ್ಯೂ-40 ಆಯಿಲ್ ತಣ್ಣಗಿದ್ದಾಗ 20ರಂತೆ ತೆಳು, ಬಿಸಿಯಾದಾಗ 40ರಂತೆ ಗಟ್ಟಿ." ಬಿಸಿಯಾದಾಗ ಗಟ್ಟಿಯಾಗುವ ಎಂಜಿನ್ ಆಯಿಲ್ ಇಲ್ಲ. ಮಲ್ಟಿಗ್ರೇಡ್ ಕೂಡ ಬಿಸಿಯಾದಂತೆ ತೆಳುವಾಗುತ್ತದೆ, ಆದರೆ ನಿಧಾನವಾಗಿ. ಅದರಲ್ಲಿ ಬೆರೆಸಿರುವ ಪಾಲಿಮರ್ ಎಂಬ ಉದ್ದ ಅಣುಗಳು ತಣ್ಣಗಿದ್ದಾಗ ಮುದುಡಿಕೊಂಡಿದ್ದು, ಬಿಸಿಯಾದಾಗ ಅರಳಿ ಆಯಿಲಿನ ಓಟಕ್ಕೆ ಸ್ವಲ್ಪ ಅಡ್ಡ ನಿಲ್ಲುತ್ತವೆ. ಸಿಂಗಲ್ ಗ್ರೇಡಿನಲ್ಲಿ ಸಾಮಾನ್ಯವಾಗಿ ಈ ಪಾಲಿಮರ್ ಇರುವುದಿಲ್ಲ.

ಸಂವಹನ ಓದಿದವಳಾಗಿ ನನಗೆ ಅನ್ನಿಸುವುದಿಷ್ಟು: ಒಂದೇ ನೋಟಕ್ಕೆ ಅಳತೆಯಂತೆ ಕಾಣುವ, ಆದರೆ ಅಳತೆಯಲ್ಲದ ಸಂಖ್ಯೆಯನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದರೆ ಗ್ರಾಹಕ ಗೊಂದಲಪಡುವುದು ಸಹಜ. ತಪ್ಪು ಓದಿದವರಿಗಿಂತ ಹೆಚ್ಚಾಗಿ ಆ ಲೇಬಲ್ಲಿನದು.

ಹಾಗಾದರೆ ನಮ್ಮ ಹವೆಗೆ ಯಾವುದು?

ಒಂದು ಸಾಮಾನ್ಯ ಎಸ್‌ಎಇ 40 ಆಯಿಲ್ ತೆಗೆದುಕೊಳ್ಳಿ. 100 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ ಸುಮಾರು 14.5 ಸೆಂಟಿಸ್ಟೋಕ್, 40 ಡಿಗ್ರಿಯಲ್ಲಿ ಸುಮಾರು 145. ಇದೇ ಲೆಕ್ಕವನ್ನು ಕೆಳಗೆ ಇಳಿಸಿದರೆ 15 ಡಿಗ್ರಿಯ ಮುಂಜಾನೆಯಲ್ಲಿ ಅದು 750ರ ಆಸುಪಾಸಿಗೆ ಬರುತ್ತದೆ, ಅಂದರೆ ಓಡುವ ಎಂಜಿನ್ನಿನಲ್ಲಿದ್ದುದರ ಐವತ್ತು ಪಟ್ಟು. ಸಾಮಾನ್ಯ 15ಡಬ್ಲ್ಯೂ-40 ಆಯಿಲ್ ಅದೇ ಮುಂಜಾನೆ ಸುಮಾರು 430 ಇರುತ್ತದೆ. ಎರಡೂ 100 ಡಿಗ್ರಿಗೆ ಬಂದಾಗ ಒಂದೇ ಶ್ರೇಣಿಯಲ್ಲಿರುತ್ತವೆ. ಬಿಸಿಯಾಗಿ ಓಡುವ ಎಂಜಿನ್ನಿಗೆ 40 ಮತ್ತು 15ಡಬ್ಲ್ಯೂ-40ರ ನಡುವೆ ದಪ್ಪದಲ್ಲಿ ಹೆಚ್ಚಿನ ಅಂತರ ಕಾಣುವುದಿಲ್ಲ. ಅಂತರ ಇರುವುದು ಸ್ಟಾರ್ಟ್ ಮಾಡಿದ ಮೊದಲ ನಿಮಿಷಗಳಲ್ಲಿ.

ಆ ನಿಮಿಷಗಳು ಎಷ್ಟು ಮುಖ್ಯ ಎಂಬುದು ಊರಿನ ಮೇಲೆ, ಎಂಜಿನ್ನಿನ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಕರ್ನಾಟಕದಲ್ಲಿ ಚಳಿಗೆ ಆಯಿಲ್ ಹೆಪ್ಪುಗಟ್ಟಿ ಎಂಜಿನ್ ತಿರುಗದೇ ಹೋಗುವ ಭಯವಿಲ್ಲ. ಟೊರೊಂಟೊ, ಮಿನಿಯಾಪೊಲಿಸ್ ಕಡೆ ಇರುವ ಕನ್ನಡಿಗರು ಮಾತ್ರ ಊರಿನ ನೆನಪಲ್ಲಿ ಕಾರಿಗೆ 40 ಹಾಕುವ ಸಾಹಸ ಮಾಡಬಾರದು. ಮೈನಸ್ 20ರಲ್ಲಿ ಅದು ಕೀಲೆಣ್ಣೆಯಂತಾಗುತ್ತದೆ.

ದಿನಕ್ಕೊಮ್ಮೆ ಸ್ಟಾರ್ಟ್ ಆಗಿ ಆರೇಳು ಗಂಟೆ ಒಂದೇ ವೇಗದಲ್ಲಿ ಓಡುವ ಹಳೆಯ ಡೀಸೆಲ್ ಪಂಪ್‌ಸೆಟ್ಟಿಗೆ ಮಲ್ಟಿಗ್ರೇಡಿನ ಲಾಭ ಅಲ್ಪ. ದಿನಕ್ಕೆ ಹದಿನೈದು ಸಲ ಆಫ್ ಆಗಿ ಆನ್ ಆಗುವ ನಗರದ ಸ್ಕೂಟರಿಗೆ ಲಾಭ ಬಹಳ.

ಯಾವ ಸಿಂಗಲ್ ಗ್ರೇಡ್ ಎಲ್ಲಿ ಬಳಕೆಯಲ್ಲಿದೆ?

ಎಸ್‌ಎಇ 20 ಈಗ ಒಂಟಿಯಾಗಿ ಕಾಣುವುದು ಅಪರೂಪ. 30ಕ್ಕೆ ಇನ್ನೂ ಕೆಲಸವಿದೆ. ಹುಲ್ಲು ಕತ್ತರಿಸುವ ಯಂತ್ರ, ಸಣ್ಣ ನೀರಿನ ಪಂಪು, ಜನರೇಟರ್‌ಗಳಲ್ಲಿನ ಗಾಳಿಯಿಂದ ತಣಿಯುವ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್‌ಗಳಿಗೆ ಬೆಚ್ಚಗಿನ ಹವೆಯಲ್ಲಿ ಇದನ್ನೇ ಹೇಳುವ ಕೈಪಿಡಿಗಳಿವೆ. ಆದರೆ ಟೂ ಸ್ಟ್ರೋಕ್ ಸ್ಪ್ರೇಯರಿನ ಮಾತೇ ಬೇರೆ: ಅದರಲ್ಲಿ ಆಯಿಲ್ ಪೆಟ್ರೋಲಿನ ಜೊತೆ ಸುಟ್ಟುಹೋಗಬೇಕು, ಅದಕ್ಕೆ 2ಟಿ ಆಯಿಲೇ ಬೇಕು.

40 ನಮ್ಮಲ್ಲಿ ಹೆಚ್ಚು ಪರಿಚಿತ. ಹಳೆಯ ಪಂಪ್‌ಸೆಟ್, ನಿಂತಲ್ಲೇ ಓಡುವ ಡೀಸೆಲ್ ಎಂಜಿನ್, ಹಿಂದಿನ ತಲೆಮಾರಿನ ಲಾರಿ ಮತ್ತು ಟ್ರ್ಯಾಕ್ಟರ್‌ಗಳು ಇದರ ಗಿರಾಕಿಗಳು. 50 ಮತ್ತು 60 ತುಂಬ ಬಿಸಿಯಾಗುವ, ಒಳಗಿನ ಸಂದುಗಳು ದೊಡ್ಡದಿರುವ ಎಂಜಿನ್‌ಗಳಿಗೆ. ಗಣಿಯ ದೊಡ್ಡ ಡಂಪರ್‌ಗಳಲ್ಲೂ 10ಡಬ್ಲ್ಯೂ, 30, 50 ಎಂಬ ಸಿಂಗಲ್ ಗ್ರೇಡ್ ಆಯಿಲ್‌ಗಳಿವೆ, ಆದರೆ ಅವು ಹೆಚ್ಚಾಗಿ ಗೇರ್‌ಪೆಟ್ಟಿಗೆ, ಹೈಡ್ರಾಲಿಕ್ ಮತ್ತು ಫೈನಲ್ ಡ್ರೈವ್‌ಗೆಂದೇ ಮಾಡಿದವು. ಸಂಖ್ಯೆ ಒಂದೇ ಇದ್ದರೂ ಎಂಜಿನ್ನಿಗೆ ಸುರಿಯುವಂತಿಲ್ಲ.

ಸಿಂಗಲ್ ಗ್ರೇಡ್ 'ಹಳೆ ಕಾಲದ್ದು' ಎನ್ನುವವರು ಬಂದರಿಗೆ ಹೋಗಿ ನೋಡಬೇಕು. ಸಾಗರ ದಾಟುವ ಹಡಗಿನ ಬೃಹತ್ ಟೂ ಸ್ಟ್ರೋಕ್ ಡೀಸೆಲ್ ಎಂಜಿನ್ನಿಗೆ ಇಂದಿಗೂ ಎರಡು ಬೇರೆ ಬೇರೆ ಸಿಂಗಲ್ ಗ್ರೇಡ್ ಆಯಿಲ್ ಬೇಕು. ಕೆಳಗಿನ ಬೇರಿಂಗ್‌ಗಳಿಗೆ 30, ಮೇಲಿನ ಸಿಲಿಂಡರ್ ಗೋಡೆಗೆ 50. ಸಿಲಿಂಡರಿಗೆ ಹಾಕಿದ್ದು ತಿರುಗಿ ಬರುವುದಿಲ್ಲ, ಅಲ್ಲೇ ಖರ್ಚಾಗುತ್ತದೆ. ಹಡಗಿನ ಇಂಧನದಲ್ಲಿನ ಗಂಧಕ ಸುಟ್ಟಾಗ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ, ಅದನ್ನು ತಣಿಸಲು ಈ ಆಯಿಲಿನಲ್ಲಿ ಕ್ಷಾರ ಬೆರೆಸಿರುತ್ತಾರೆ. 2020ರಿಂದ ಹಡಗಿನ ಇಂಧನದ ಗಂಧಕದ ಮಿತಿ ಶೇ 3.5ರಿಂದ 0.5ಕ್ಕೆ ಇಳಿದಾಗ ಈ ಕ್ಷಾರದ ಪ್ರಮಾಣವನ್ನೂ ಬದಲಿಸಬೇಕಾಯಿತು. ದಪ್ಪ ಅದೇ 50, ಒಳಗಿನ ರಸಾಯನ ಬೇರೆ.

ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳ ಕಥೆ ಇನ್ನೂ ಸ್ವಾರಸ್ಯ. ಅವುಗಳ ಆಯಿಲ್ ಡಬ್ಬಿಯ ಮೇಲೆ 'ಡಬ್ಲ್ಯೂ100' ಎಂದಿರುತ್ತದೆ. ಇಲ್ಲಿ ಡಬ್ಲ್ಯೂ ಚಳಿಗಾಲವಲ್ಲ, ಬೂದಿ ಬಿಡದ ಡಿಸ್ಪರ್ಸೆಂಟ್ ಬೆರೆಸಿದೆ ಎಂಬ ಗುರುತು. 100 ಎಂದರೆ ಎಸ್‌ಎಇ 100 ಕೂಡ ಅಲ್ಲ, ಅದು ಎಸ್‌ಎಇ 50ಕ್ಕೆ ಸಮ. ಡಬ್ಬಿಯ ಮೇಲೆ ಬರಿ 100 ಎಂದಿದ್ದರೆ ಅದು ಆ ಡಿಸ್ಪರ್ಸೆಂಟ್ ಇಲ್ಲದ ಖನಿಜ ತೈಲ. ಹೊಸದಾಗಿ ಕೂಡಿಸಿದ ಎಂಜಿನ್ನಿನ ರಿಂಗ್‌ಗಳು ಸಿಲಿಂಡರಿಗೆ ಹೊಂದಿಕೊಳ್ಳುವವರೆಗೆ ಅದನ್ನು ಬಳಸುವುದುಂಟು.

ಎರಡು ಡಬ್ಬಿ, ಎರಡೂ 40: ಒಂದೇ ಆಯಿಲೇ?

ಎತ್ತಿನಗಾಡಿಯ ಕಾಲದಲ್ಲಿ ಕೀಲೆಣ್ಣೆಯ ಕೆಲಸ ಒಂದೇ: ಗಾಲಿ ಜಾರುವಂತೆ ಮಾಡುವುದು. ಎಂಜಿನ್ ಆಯಿಲ್ ಜಾರಿಸಬೇಕು, ಬಿಸಿಯನ್ನು ಹೊತ್ತೊಯ್ಯಬೇಕು, ಮಸಿಯನ್ನು ತೊಳೆದು ತನ್ನಲ್ಲಿ ತೇಲಿಸಿಕೊಳ್ಳಬೇಕು, ಆಮ್ಲವನ್ನು ಸುಮ್ಮನಾಗಿಸಬೇಕು, ತುಕ್ಕು ತಡೆಯಬೇಕು. ಇವುಗಳಿಗಾಗಿ ಮೂಲ ತೈಲಕ್ಕೆ ಬೇರೆ ಬೇರೆ ರಾಸಾಯನಿಕ ಸೇರಿಸುತ್ತಾರೆ. 40 ಎಂಬ ಸಂಖ್ಯೆ ಇದರ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ.

ಅದನ್ನು ಹೇಳುವುದು ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿರುವ 'ಎಪಿಐ' ದರ್ಜೆ. ಎಪಿಐ ಎಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್. 'ಎಸ್' ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, 'ಸಿ' ಇಂದ ಶುರುವಾದರೆ ಡೀಸೆಲ್ಲಿಗೆ. ಸಾಮಾನ್ಯವಾಗಿ ಎರಡನೇ ಅಕ್ಷರ ಮುಂದೆ ಹೋದಷ್ಟೂ ದರ್ಜೆ ಹೊಸದು. ಎಪಿಐ ಎಸ್‌ಎ ಎಂಬುದರಲ್ಲಿ ಯಾವ ರಾಸಾಯನಿಕವೂ ಇಲ್ಲ; 1930ರ ನಂತರ ತಯಾರಾದ ಹೆಚ್ಚಿನ ಪೆಟ್ರೋಲ್ ವಾಹನಗಳಿಗೆ ಅದು ಸಲ್ಲದು ಎಂದು ಆ ಸಂಸ್ಥೆಯೇ ಹೇಳುತ್ತದೆ. ಎಸ್‌ಬಿ ದರ್ಜೆಗೆ ಆ ಗಡಿ 1951.

ಹಾಗಾಗಿ ಎಸ್‌ಎಇ 40, ಎಪಿಐ ಎಸ್‌ಎ ಎಂಬ ಡಬ್ಬಿಯೂ, ಎಸ್‌ಎಇ 40, ಎಪಿಐ ಸಿಎಫ್ ಎಂಬ ಡಬ್ಬಿಯೂ ಪಕ್ಕಪಕ್ಕದಲ್ಲಿ ಕೂರಬಹುದು. ಬೆರಳಿಗೆ ಹಚ್ಚಿ ಉಜ್ಜಿದರೆ ಎರಡೂ ಒಂದೇ ಥರ. ಡೀಸೆಲ್ ಎಂಜಿನ್ನಿನೊಳಗೆ ಮಾತ್ರ ಮೊದಲನೆಯದು ಮಸಿಯನ್ನು ತೇಲಿಸಲಾರದೆ ತಳದಲ್ಲಿ ಕೆಸರು ಕಟ್ಟಿಸುತ್ತದೆ. ಅಗ್ಗದ ಲೂಸ್ ಆಯಿಲಿನ ಅಪಾಯ ಇಲ್ಲಿದೆ. ಡ್ರಮ್ಮಿನಿಂದ ಅಳೆದು ಕೊಡುವ ಹೆಸರಿಲ್ಲದ '40 ಆಯಿಲ್' ದಪ್ಪದಲ್ಲಿ ನಿಜವಾಗಿಯೂ 40 ಇರಬಹುದು, ಆದರೆ ದರ್ಜೆ ಯಾವುದೆಂದು ಯಾರಿಗೂ ಗೊತ್ತಿಲ್ಲ. ಲೀಟರಿಗೆ ಉಳಿಸಿದ ನೂರಿನ್ನೂರು ರೂಪಾಯಿ ಬೋರಿಂಗ್ ಖರ್ಚಿನ ಮುಂದೆ ಏನೂ ಅಲ್ಲ.

ಆಯಿಲ್ ಕಪ್ಪಾದರೆ ಕೆಟ್ಟಿದೆ ಎಂಬ ನಂಬಿಕೆಯನ್ನೂ ಇಲ್ಲೇ ಪರೀಕ್ಷಿಸಬಹುದು. ಡೀಸೆಲ್ ಎಂಜಿನ್ನಿನಲ್ಲಿ ಒಳ್ಳೆಯ ಆಯಿಲ್ ಬೇಗ ಕಪ್ಪಾಗುತ್ತದೆ, ಏಕೆಂದರೆ ಅದು ಮಸಿಯನ್ನು ಹಿಡಿದಿಟ್ಟುಕೊಂಡಿದೆ. ಬಹಳ ದಿನ ಓಡಿದರೂ ಜೇನಿನಂತೆ ತಿಳಿಯಾಗಿಯೇ ಇದ್ದರೆ ಮಸಿ ಎಲ್ಲಿ ಕೂತಿದೆ ಎಂದು ಯೋಚಿಸಬೇಕು. ಬದಲಿಸುವ ಸಮಯವನ್ನು ಬಣ್ಣ ಹೇಳುವುದಿಲ್ಲ, ಕೈಪಿಡಿಯಲ್ಲಿ ಬರೆದ ಗಂಟೆ ಅಥವಾ ಕಿಲೋಮೀಟರ್ ಹೇಳುತ್ತದೆ. ಕಾಫಿ-ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಕಾಯಬೇಡಿ, ಆಯಿಲಿಗೆ ನೀರು ಸೇರಿದೆ.

ಬೇಸಿಗೆಗೆ ದಪ್ಪ ಆಯಿಲ್ ಒಳ್ಳೆಯದೇ?

ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಈ ಯೋಚನೆ ಬರುವುದು ಸಹಜ. ಆದರೆ ರೇಡಿಯೇಟರ್ ಇರುವ ಎಂಜಿನ್ನಿನಲ್ಲಿ ಹೊರಗೆ 20 ಡಿಗ್ರಿ ಇರಲಿ, 40 ಇರಲಿ, ಥರ್ಮೋಸ್ಟಾಟ್ ಒಳಗಿನ ಬಿಸಿಯನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಗಾಳಿಯಿಂದ ತಣಿಯುವ ಎಂಜಿನ್‌ಗಳಿಗೆ ಹೊರಗಿನ ತಾಪ ಹೆಚ್ಚು ತಟ್ಟುತ್ತದೆ, ನಿಜ. ಅದಕ್ಕೇ ಅವುಗಳ ಕೈಪಿಡಿಯಲ್ಲಿ ಯಾವ ತಾಪಕ್ಕೆ ಯಾವ ಗ್ರೇಡ್ ಎಂಬ ಪಟ್ಟಿ ಇರುತ್ತದೆ. ಆ ಪಟ್ಟಿಯ ಒಳಗೆ ಆರಿಸಿಕೊಳ್ಳುವುದು ಸರಿ, ಹೊರಗೆ ಹೋಗುವುದು ತಪ್ಪು.

ಬೇಕಾದ್ದಕ್ಕಿಂತ ಮಂದ ಆಯಿಲ್ ಸಣ್ಣ ಸಂದುಗಳಲ್ಲಿ ನಿಧಾನವಾಗಿ ಹರಿಯುತ್ತದೆ, ಬಿಸಿಯನ್ನು ಕಡಿಮೆ ಹೊತ್ತೊಯ್ಯುತ್ತದೆ, ಮೇಲಿನ ಕ್ಯಾಮ್‌ಶಾಫ್ಟ್ ತಲುಪಲು ತಡ ಮಾಡುತ್ತದೆ, ಅದನ್ನು ಕಲಕಲು ಎಂಜಿನ್ ಹೆಚ್ಚು ಇಂಧನ ಸುಡುತ್ತದೆ. ಆಯಿಲ್ ಪ್ರೆಷರ್ ಮೀಟರಿನ ಮುಳ್ಳು ಮಾತ್ರ ಮೇಲಿರುತ್ತದೆ, ಅದನ್ನು ನೋಡಿ ನಾವು ಸಮಾಧಾನಪಡುತ್ತೇವೆ. ಕಾಲುವೆಗೆ ಅಡ್ಡ ಕಟ್ಟಿದಾಗಲೂ ಹಿಂದೆ ನೀರಿನ ಮಟ್ಟ ಏರುತ್ತದೆ, ಮುಂದಿನ ಗದ್ದೆಗೆ ನೀರು ಹೆಚ್ಚು ಹೋಗಿದೆ ಎಂದಲ್ಲ. ಇತ್ತ ಬೇಕಾದ್ದಕ್ಕಿಂತ ತೆಳುವಾದರೆ ಲೋಹಗಳ ನಡುವಿನ ಪದರ ಹರಿದು ನೇರ ಉಜ್ಜಾಟ ಶುರುವಾಗುತ್ತದೆ.

"ಆಯಿಲ್ ತಿನ್ನುತ್ತಿದೆ, 40 ತೆಗೆದು 50 ಹಾಕಿ" ಎಂಬ ಸಲಹೆ ಹಳೆ ಎಂಜಿನ್ನಿಗೆ ಸಿಗುವುದು ಸಾಮಾನ್ಯ. ಹೊಗೆ ಕಡಿಮೆಯಾಗಬಹುದು, ಸದ್ದೂ ಅಡಗಬಹುದು. ಸವೆದ ರಿಂಗ್ ಮಾತ್ರ ಸವೆದೇ ಇರುತ್ತದೆ.

ಇನ್ನು '90 ಆಯಿಲ್'. ಗೇರ್‌ಪೆಟ್ಟಿಗೆಗೆ ಹಾಕುವ ಇದು ಎಂಜಿನ್ನಿನ 40ಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಮಂದ ಎಂದು ಹಲವರ ಭಾವನೆ. ಗೇರ್ ಆಯಿಲಿನ ಪಟ್ಟಿಯೇ ಬೇರೆ. ಅದರಲ್ಲಿ 90 ಎಂದರೆ 100 ಡಿಗ್ರಿಯಲ್ಲಿ 13.5ರಿಂದ 18.5 ಸೆಂಟಿಸ್ಟೋಕ್, ಅಂದರೆ ಎಂಜಿನ್ ಆಯಿಲಿನ 40-50ರ ಮಟ್ಟ. ಎರಡು ಪಟ್ಟಿಯ ಸಂಖ್ಯೆಗಳು ಬೆರೆಯದಿರಲೆಂದೇ ಅಷ್ಟು ದೂರ ಇಟ್ಟಿದ್ದಾರೆ. ದಪ್ಪ ಸಮವಿದ್ದರೂ ಒಂದರ ಬದಲು ಇನ್ನೊಂದು ನಡೆಯದು. ಹಲ್ಲುಗಳ ಒತ್ತಡ ತಡೆಯಲು ಗೇರ್ ಆಯಿಲಿಗೆ ಸೇರಿಸುವ ರಾಸಾಯನಿಕ ಎಂಜಿನ್ನಿಗೆ ಬೇಕಾದ್ದಲ್ಲ.

ಯಾವ ಎಂಜಿನ್ನಿಗೆ ಸಿಂಗಲ್ ಗ್ರೇಡ್ ಬೇಡವೇ ಬೇಡ?

2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಸಾಮಾನ್ಯ ಆಯಿಲಿನ ಬೂದಿ ಆ ಫಿಲ್ಟರನ್ನು ಕಟ್ಟಿಸುತ್ತದೆ. ಕಡಿಮೆ ಬೂದಿಯ, ಕೈಪಿಡಿ ಹೆಸರಿಸಿದ ಮಲ್ಟಿಗ್ರೇಡನ್ನೇ ಅವುಗಳಿಗೆ ಹಾಕಬೇಕು. ಈಗಿನ ಪೆಟ್ರೋಲ್ ಕಾರು, ಬೈಕುಗಳೂ ತೆಳು ಮಲ್ಟಿಗ್ರೇಡಿಗೆಂದೇ ವಿನ್ಯಾಸಗೊಂಡವು. ಬೈಕಿನಲ್ಲಿ ಕ್ಲಚ್ ಕೂಡ ಅದೇ ಆಯಿಲಿನಲ್ಲಿ ಮುಳುಗಿರುವುದರಿಂದ ಡಬ್ಬಿಯ ಮೇಲೆ 'ಜಾಸೊ ಎಂಎ' ಎಂಬ ಗುರುತನ್ನೂ ನೋಡಿ. ಇಂಧನ ಉಳಿತಾಯದ ಕೆಲವು ಕಾರ್ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ.

ಪಂಪ್‌ಸೆಟ್ಟಿನ ಪುಸ್ತಕ ಕಳೆದುಹೋಗಿದ್ದರೆ ಮೊದಲು ಎಂಜಿನ್ನಿನ ಮೈಮೇಲಿರುವ ತಗಡಿನ ಫಲಕ ಒರೆಸಿ ನೋಡಿ. ಮಾಡೆಲ್ ಹೆಸರು ಸಿಕ್ಕರೆ ಕಂಪನಿಯ ಡೀಲರ್ ಬಳಿ ಗ್ರೇಡ್ ಮತ್ತು ಎಪಿಐ ದರ್ಜೆ ಎರಡನ್ನೂ ಕೇಳಬಹುದು. ತುರ್ತಿಗೆ 40 ಇರುವ ಎಂಜಿನ್ನಿಗೆ ಅದೇ ದರ್ಜೆಯ 20ಡಬ್ಲ್ಯೂ-40 ಅರ್ಧ ಲೀಟರ್ ಸೇರಿಸಿದರೆ ಏನೂ ಸಿಡಿಯುವುದಿಲ್ಲ. ಮಟ್ಟ ಕಡಿಮೆ ಇಟ್ಟುಕೊಂಡು ಓಡಿಸುವುದಕ್ಕಿಂತ ಅದು ಎಷ್ಟೋ ವಾಸಿ. ರಾಸಾಯನಿಕವಿಲ್ಲದ ಅಗ್ಗದ ಆಯಿಲಿನಲ್ಲಿ ವರ್ಷಗಟ್ಟಲೆ ಓಡಿದ ಎಂಜಿನ್ನಿಗೆ ಒಳ್ಳೆಯ ದರ್ಜೆಯ ಆಯಿಲ್ ಹಾಕುವಾಗ ಮಾತ್ರ ಒಂದು ಎಚ್ಚರ ಬೇಕು. ಹೊಸ ಆಯಿಲ್ ಹಳೆಯ ಕೆಸರನ್ನು ಸಡಿಲಿಸಿ ಹೊರತರುತ್ತದೆ. ಮೊದಲ ಸಲ ಹಾಕಿದ್ದನ್ನು ಪುಸ್ತಕದಲ್ಲಿ ಹೇಳಿದ ಅವಧಿಗೆ ಮುಂಚೆಯೇ, ಎಂಜಿನ್ ಬಿಸಿಯಿರುವಾಗ ಇಳಿಸಿ, ಫಿಲ್ಟರ್ ಬದಲಿಸಿ ಅಥವಾ ಜಾಲರಿ ತೊಳೆದು ಹೊಸದು ತುಂಬಿ. ಇಳಿಸಿದ ಆಯಿಲನ್ನು ಬಾವಿಯ ಹತ್ತಿರ ಚೆಲ್ಲಬೇಡಿ, ಬರಿಗೈಯಲ್ಲಿ ಮುಟ್ಟುವುದನ್ನೂ ಆದಷ್ಟು ತಪ್ಪಿಸಿ.